ಡಿಮೋನಾಕ್ಕೆ ಹಣ ಬಂದ ದಾರಿ

ಪ್ರಶ್ನೆ: ಇಸ್ರೇಲ್‌ನಂಥ ಪುಟ್ಟ ದೇಶ 1950ರ ದಶಕದಲ್ಲಿ ಅಣುಸ್ಥಾವರಕ್ಕೆ ಹಣ ಹೊಂದಿಸಿದ್ದು ಹೇಗೆ?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ನೆಗೆವ್ ಮರುಭೂಮಿಯ ಡಿಮೋನಾದಲ್ಲಿ ಸ್ಥಾವರ ಕಟ್ಟಲು ನೆರವಾಗುವುದಾಗಿ ಫ್ರಾನ್ಸ್ 1957ರಲ್ಲಿ ಗುಟ್ಟಾಗಿ ಒಪ್ಪಿತು, ಸ್ಥಾವರ ನಡೆಸಲು ಬೇಕಾದ ಭಾರಜಲ (ಹೆವಿ ವಾಟರ್) ನಾರ್ವೆಯಿಂದ ಬಂತು. ಆದರೆ ವೆಚ್ಚವನ್ನೆಲ್ಲ ಸರ್ಕಾರದ ಆಯವ್ಯಯದಲ್ಲಿ ತೋರಿಸಿದ್ದರೆ ಗುಟ್ಟು ಉಳಿಯುತ್ತಿರಲಿಲ್ಲ. ಆದ್ದರಿಂದ ಪ್ರಧಾನಿ ಬೆನ್ ಗುರಿಯನ್ ಅವರ ಬೆಂಬಲದೊಂದಿಗೆ ರಕ್ಷಣಾ ಸಚಿವಾಲಯದಲ್ಲಿದ್ದ ಶಿಮೋನ್ ಪೆರೆಸ್ ವಿದೇಶದಲ್ಲಿದ್ದ ಶ್ರೀಮಂತ ಹಿತೈಷಿಗಳಿಂದ ಖಾಸಗಿಯಾಗಿ ದೇಣಿಗೆ ಎತ್ತಿದರು. ಹೀಗೆ 4 ಕೋಟಿ ಡಾಲರ್‌ಗೂ ಹೆಚ್ಚು, ಅಂದರೆ ಸ್ಥಾವರದ ಅರ್ಧದಷ್ಟು ವೆಚ್ಚ, ಕೂಡಿತೆಂದು ಪೆರೆಸ್ ಅವರೇ ಮುಂದೆ ಬರೆದಿದ್ದಾರೆ. ಇಷ್ಟಾಗಿಯೂ 1960ರ ಡಿಸೆಂಬರ್‌ನಲ್ಲಿ ಬೆನ್ ಗುರಿಯನ್ ಸಂಸತ್ತಿಗೆ, ಸ್ಥಾವರವು ಶಾಂತಿಯುತ ಉದ್ದೇಶಕ್ಕೆ ಮಾತ್ರವೆಂದು ತಿಳಿಸಿದರು.

ನಮ್ಮ ಮೈಸೂರಿನ ಪಕ್ಕದ ರತ್ನಹಳ್ಳಿಯಲ್ಲಿ ಅಣುಶಕ್ತಿ ಇಲಾಖೆಗೆ ಸೇರಿದ ಯುರೇನಿಯಂ ಸಂವರ್ಧನಾ ಘಟಕದ ಕೆಲಸವೂ ಗೋಪ್ಯವೇ. ಆದರೆ ಆ ಇಲಾಖೆಯ ಅನುದಾನ ಪ್ರತಿವರ್ಷ ಸಂಸತ್ತಿನ ಮುಂದೆ ಬರುತ್ತದೆ, ಈ ವ್ಯತ್ಯಾಸವನ್ನು ನಾನು ಬಹಳ ದೊಡ್ಡದೆಂದೇ ಎಣಿಸುತ್ತೇನೆ.