ಡ್ರೈವರ್ ಇಲ್ಲದ ಗಾಡಿ, ತೋಪಿನ ಕಾಡುಪಾಪ

ಪ್ರಶ್ನೆ: ಕನಕಪುರ ರಸ್ತೆ ಕಡೆ ನಮ್ಮ ಕಂಪನಿಯ ಹೊಸ ಕ್ಯಾಂಪಸ್ ಕಟ್ಟುತ್ತಿದ್ದಾರೆ. ಗೇಟಿನಿಂದ ಆಫೀಸಿನವರೆಗೆ ಡ್ರೈವರ್ ಇಲ್ಲದ ಬ್ಯಾಟರಿ ಗಾಡಿ ಓಡಿಸುತ್ತಾರಂತೆ. ದಾರಿ ಹಳೆಯ ಗುಂಡುತೋಪಿನ ಮಧ್ಯೆಯೇ ಹಾಯುತ್ತದೆ. ಅಲ್ಲಿ ಕಾಡುಪಾಪ (ಸ್ಲೆಂಡರ್ ಲೋರಿಸ್), ಮುಂಗುಸಿ, ಕೇರೆಹಾವು ಎಲ್ಲ ಇವೆ. ಕೇಳಿದರೆ ‘ಗಾಡಿಗೆ ಸೆನ್ಸರ್ ಇದೆ, ಚಿಂತೆ ಬೇಡ’ ಅಂತಾರೆ. ಅಷ್ಟು ಸಾಕಾ ಮೇಡಂ?
– ಒಬ್ಬ ಓದುಗರು, ತಲಘಟ್ಟಪುರ

ಉತ್ತರ: ಸಾಲದು. ಗಾಡಿ ಎಷ್ಟೇ ಜಾಣ ಆಗಿರಲಿ, ಅದಕ್ಕೆ ಕಲಿಸಿದ್ದಷ್ಟೇ ಗೊತ್ತು. 2017ರಲ್ಲಿ ವೋಲ್ವೊದವರಿಗೆ ಆಸ್ಟ್ರೇಲಿಯಾದಲ್ಲಿ ಇದೇ ತೊಂದರೆ ಆಯಿತು. ಅವರ ಕಾರು ನೆಲವನ್ನು ಆಧಾರ ಮಾಡಿಕೊಂಡು ಪ್ರಾಣಿ ಎಷ್ಟು ದೂರ ಇದೆ ಅಂತ ಲೆಕ್ಕ ಹಾಕುತ್ತಿತ್ತು. ಕಾಂಗರೂ ನೆಗೆದಾಗ ದೂರ ಇದ್ದಂತೆ, ಇಳಿದಾಗ ಹತ್ತಿರ ಬಂದಂತೆ ಕಾಣುತ್ತಿತ್ತು. ಅಷ್ಟು ದೊಡ್ಡ ಪ್ರಾಣಿಯ ಕಥೆಯೇ ಹೀಗಾದರೆ, ನೆಲಕ್ಕಂಟಿ ಹರಿಯುವ ಕೇರೆಹಾವಿನ ಗತಿ ಏನು?

ಕಾಡುಪಾಪ ನೆಗೆಯುವುದಿಲ್ಲ. ಮುಂದಿನ ಕೊಂಬೆ ಕೈಗೆ ಗಟ್ಟಿಯಾಗಿ ಸಿಗುವ ತನಕ ಹಿಂದಿನದನ್ನು ಬಿಡುವುದಿಲ್ಲ. ರಸ್ತೆಗೆ ಅಂತ ಎರಡು ಮರ ಕಡಿದರೆ ಅದು ನೆಲಕ್ಕೆ ಇಳಿಯಲೇಬೇಕು, ಅದೂ ರಾತ್ರಿ ಹೊತ್ತು. ಆದ್ದರಿಂದ ಆರ್ಕಿಟೆಕ್ಟನ್ನು ತೋಪಿಗೇ ಕರೆದುಕೊಂಡು ಹೋಗಿ, ತಲೆ ಎತ್ತಿ ನೋಡಲು ಹೇಳಿ. ಎಲ್ಲಿ ಕೊಂಬೆಗೆ ಕೊಂಬೆ ತಾಗಿದೆಯೋ ಅಲ್ಲಿ ಒಂದು ರೆಂಬೆಯನ್ನೂ ಮುಟ್ಟಬಾರದು. ನಕ್ಷೆಯಲ್ಲಿ ತೋಪನ್ನು ‘ಖಾಲಿ ಜಾಗ’ ಅಂತ ಬರೆದಿದ್ದು ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಇಲ್ಲಿ ಡ್ರೈವರ್ ಇಲ್ಲದ ಗಾಡಿಯಿಂದ ಅನುಕೂಲವೂ ಇದೆ. ಅದು ದಿನಾ ಒಂದೇ ಜಾಡಿನಲ್ಲಿ ಓಡಬಲ್ಲದು. ಹಾಗಾಗಿ ಎರಡು ಲೇನಿನ ಅಗಲವಾದ ರಸ್ತೆ ಯಾಕೆ? ಒಂದೇ ಲೇನ್ ಸಾಕು, ಅಲ್ಲಲ್ಲಿ ಎದುರು ಗಾಡಿಗೆ ದಾರಿ ಬಿಡುವಷ್ಟು ಜಾಗ ಇರಲಿ. ಮರ ಅಡ್ಡ ಬಂದರೆ ರಸ್ತೆಯೇ ಬಳಸಿಕೊಂಡು ಹೋಗಲಿ. ಕೊಂಬೆ ಕೂಡದ ಕಡೆ ಹಗ್ಗದ ಸೇತುವೆ ಕಟ್ಟಿಸಿ. ತಮಿಳುನಾಡಿನ ವಾಲ್ಪಾರೈನಲ್ಲಿ ಸಿಂಗಳೀಕಗಳಿಗೆ ಇಂಥ ಸೇತುವೆ ಕಟ್ಟಿದ್ದಾರೆ. ಕಾಡುಪಾಪದ ಅಂಗೈ ತೀರಾ ಚಿಕ್ಕದು, ಹಗ್ಗ ಅದರ ಹಿಡಿತಕ್ಕೆ ಸಿಗುವಷ್ಟು ಸಣ್ಣದಿರಬೇಕು.

ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿರ್ಬಂಧ ಇದೆ, ಅಲ್ವಾ? ನಿಮ್ಮ ಗಾಡಿಗೂ ಕತ್ತಲಾದ ಮೇಲೆ ತೋಪಿನ ದಾರಿ ಬೇಡ ಅಂತ ಸಾಫ್ಟ್‌ವೇರಿನಲ್ಲೇ ಹಾಕಿಸಿ. ದೀಪ ಹಳದಿ ಬಣ್ಣದ್ದಿರಲಿ, ತಗ್ಗಿನಲ್ಲಿರಲಿ, ಮರದ ಮೇಲೆ ಬೆಳಕು ಬೀಳದಿರಲಿ. ಚರಂಡಿಯ ಒಂದು ಬದಿಯನ್ನು ಒರಟು ಕಲ್ಲಿನಲ್ಲಿ ಇಳಿಜಾರಾಗಿ ಕಟ್ಟಿದರೆ ಒಳಗೆ ಬಿದ್ದ ಕಪ್ಪೆ ಹತ್ತಿ ಬರುತ್ತದೆ. ಕಾಂಪೌಂಡ್ ಗೋಡೆಯ ಬುಡದಲ್ಲಿ ಮುಂಗುಸಿ ನುಸುಳುವಷ್ಟು ಕಿಂಡಿ ಬಿಡಿಸಿ.

ಜನರ ಮಾತಿಗೆ ಬರೋಣ. ಡ್ರೈವರ್ ಇದ್ದರೆ ಕೈ ಬೀಸಿ ‘ಹೋಗಮ್ಮಾ’ ಅಂತಾನೆ. ಅವನೇ ಇಲ್ಲದಾಗ, ತನ್ನನ್ನು ಗಾಡಿ ನೋಡಿತಾ ಇಲ್ವಾ ಅಂತ ಕಸ ಗುಡಿಸುವ ಅಮ್ಮನಿಗೆ ಗೊತ್ತಾಗುವುದು ಹೇಗೆ? ಅದಕ್ಕೇ ದಾಟುವ ಜಾಗದಲ್ಲಿ ಯಾರಿದ್ದರೂ ಇಲ್ಲದಿದ್ದರೂ ಗಾಡಿ ನಿಲ್ಲಲೇಬೇಕು ಅನ್ನುವ ನಿಯಮ ಇರಲಿ. ಉಳಿದ ಕಡೆ ನಡಿಗೆಗಿಂತ ಸ್ವಲ್ಪ ಜಾಸ್ತಿ ವೇಗ ಸಾಕು.

ಮ್ಯಾನೇಜ್‌ಮೆಂಟ್ ಕೇಳದಿದ್ದರೆ ಒಂದು ಮಾತು ನೆನಪಿಸಿ: ಕಾಡುಪಾಪ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿ. ಜೆಸಿಬಿ ಬರುವ ಮೊದಲೇ, ಈ ಪ್ರಾಣಿಯ ಬಗ್ಗೆ ತಿಳಿದವರನ್ನು ರಾತ್ರಿ ಕರೆಸಿ, ಕೆಂಪು ಬೆಳಕಿನ ಟಾರ್ಚ್ ಹಿಡಿದು ಹುಡುಕಿಸಿ. ಕಾಡುಪಾಪ ಕಾಣಿಸಿದ ಮರಗಳಿಗೆಲ್ಲ ನಂಬರ್ ಹಾಕಿ ನಕ್ಷೆಗೆ ಸೇರಿಸಿ.