ಜಾಮ್ ಆದ ಎಂಜಿ ಟಿಡಿಗೆ ಜಿಪ್ಸಿ ಎಂಜಿನ್ ಹಾಕಿಸಬೇಕೇ?

ಗದಗಿನ ಗೋದಾಮಿನಲ್ಲಿ ಅಜ್ಜನವರು ಬಿಟ್ಟುಹೋದ 1951ರ ಎಂಜಿ ಟಿಡಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇದೆ, ಎಂಜಿನ್ ಜಾಮ್ ಆಗಿದೆ, ಮಿಸ್ತ್ರಿಯವರು ಮಾರುತಿ ಜಿಪ್ಸಿಯ ಎಂಜಿನ್ನನ್ನೂ ಐದು ಗೇರಿನ ಪೆಟ್ಟಿಗೆಯನ್ನೂ ಕೂರಿಸೋಣ ಎನ್ನುತ್ತಿದ್ದಾರೆ, ಒಪ್ಪಲೇ ಅಥವಾ ಮೂಲದಂತೆಯೇ ದುರಸ್ತಿ ಮಾಡಿಸಲೇ ಎಂದು ಕೇಳಿದ್ದೀರಿ. ಗೋದಾಮು ಮತ್ತು ಅಜ್ಜನವರನ್ನು ಬಿಟ್ಟರೆ ಉಳಿದದ್ದೆಲ್ಲ ನನ್ನದೇ ಕಥೆಯಾಗಿರುವುದರಿಂದ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ನಾನು ನನ್ನ ಟಿಡಿಯನ್ನು ಕೊಂಡದ್ದು 1997ರಲ್ಲಿ, ಧಾರವಾಡದ ಮಾಳಮಡ್ಡಿಯ ಒಂದು ಹಳೆಯ ಮನೆಯಿಂದ. ಅದರ ನೋಂದಣಿ ಪುಸ್ತಕ ಧಾರವಾಡವು ಇನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲದ್ದು, ಬಟ್ಟೆಯ ರಟ್ಟು ಹಾಕಿದ್ದು. ಬಾನೆಟ್ಟಿನ ಕೆಳಗೆ 1250 ಸಿಸಿಯ, ಎಕ್ಸ್‌ಪಿಎಜಿ ಎಂದು ಕರೆಯುವ ಎಂಜಿನ್ ಇತ್ತು. ಅದರ ಶಕ್ತಿ 54 ಕುದುರೆಯಷ್ಟೇ. ಇಂದಿನ ಸಣ್ಣ ಕಾರುಗಳೂ ಅದನ್ನು ಹಿಂದೆ ಹಾಕುತ್ತವೆ. ಆದರೆ ಚಾವಿ ತಿರುವಿದೊಡನೆ ಎಸ್‌ಯು ಕಂಪನಿಯ ಪೆಟ್ರೋಲ್ ಪಂಪು ಟಕ್ ಟಕ್ ಎಂದು ಬಡಿದುಕೊಂಡು, ಕಾರ್ಬುರೇಟರು ತುಂಬಿದೊಡನೆ ತಾನಾಗಿಯೇ ಸುಮ್ಮನಾಗುವುದನ್ನು ಒಮ್ಮೆ ಕೇಳಿದವನು ಆ ಲೆಕ್ಕವನ್ನೆಲ್ಲ ಕೇಳುವುದಿಲ್ಲ. ಎರಡು ವರ್ಷ ಅದನ್ನು ಓಡಿಸಿದೆ, ಕೈಯಾರೆ ದುರಸ್ತಿ ಮಾಡಿದೆ, ನನಗೆ ಎಲ್ಲವೂ ಗೊತ್ತಿದೆ ಎಂದೂ ತಿಳಿದುಕೊಂಡೆ.

1998ರ ದೀಪಾವಳಿಯ ರಜೆಯಲ್ಲಿ ಆಯಿಲ್ ಪಂಪನ್ನು ಬಿಚ್ಚಿ ತೊಳೆದು ಮತ್ತೆ ಕೂರಿಸುವಾಗ ಅದರ ಬೋಲ್ಟುಗಳಲ್ಲಿ ಒಂದು ಕಾಣೆಯಾಗಿತ್ತು. ಈ ಎಂಜಿನ್ನಿನಲ್ಲಿ ಆಯಿಲ್ ಪಂಪು ಬ್ಲಾಕಿನ ಹೊರಮೈಗೆ ಅಂಟಿಕೊಂಡಿರುವುದರಿಂದ ಬಿಚ್ಚುವುದು ಸುಲಭ. ಅಂಗಳದಲ್ಲೆಲ್ಲ ಹುಡುಕಿ ಸಿಗದೆ, ಉಳಿದವುಗಳಲ್ಲೊಂದನ್ನು ಜೇಬಿನಲ್ಲಿ ಹಾಕಿಕೊಂಡು ಜೀಪಿನ ಬಿಡಿಭಾಗಗಳ ಅಂಗಡಿಗೆ ಹೋದೆ. ಬ್ರಿಟಿಷ್ ಗಾಡಿ, ವಿಟ್ವರ್ತ್ ಎಂಬ ಹಳೆಯ ಬ್ರಿಟಿಷ್ ಇಂಚಿನ ಅಳತೆಯ ಪಾನಾ ಅದರ ತಲೆಗೆ ಸರಿಯಾಗಿ ಕೂರುತ್ತದೆ, ಆದ್ದರಿಂದ ಇದು ಇಂಚಿನ ಬೋಲ್ಟೇ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅಂಗಡಿಯವರು ಡಬ್ಬಿಯಿಂದ ಯುಎನ್‌ಎಫ್ ಎಂಬ ಇಂಚಿನ ಥ್ರೆಡ್ಡಿನ 5/16 ಇಂಚಿನ ಬೋಲ್ಟನ್ನು ತೆಗೆದು ಪಕ್ಕದಲ್ಲಿಟ್ಟು ತೋರಿಸಿದರು. ದಪ್ಪ ಒಂದೇ, ಥ್ರೆಡ್ಡೂ ಕಣ್ಣಿಗೆ ಒಂದೇ. ಮೂರು ರೂಪಾಯಿ ಕೊಟ್ಟು ತಂದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನನ್ನ ಎಂಜಿನ್ ಹೋದದ್ದು ಇಲ್ಲಿಯೇ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಬಂದೂಕಿನ ಕಂಪನಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕಾರ್ಖಾನೆ ತೆರೆದಿತ್ತು. ಯುದ್ಧ ಮುಗಿದ ಮೇಲೆ ಅದು ಮಾರಿಸ್ ಕಾರುಗಳಿಗೆ ಎಂಜಿನ್ ತಯಾರಿಸತೊಡಗಿತು, 1923ರಲ್ಲಿ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡುಕೊಂಡರು. ಯಂತ್ರಗಳು ಫ್ರೆಂಚರವಾದ್ದರಿಂದ ಥ್ರೆಡ್ ಮಿಲಿಮೀಟರಿನದೇ ಉಳಿಯಿತು. ಆದರೆ ಬ್ರಿಟಿಷ್ ಮಿಸ್ತ್ರಿಗಳ ಪೆಟ್ಟಿಗೆಯಲ್ಲಿದ್ದದ್ದು ವಿಟ್ವರ್ತ್ ಪಾನಾ, ಆದ್ದರಿಂದ ಬೋಲ್ಟಿನ ತಲೆಯನ್ನು ಮಾತ್ರ ಅದರ ಅಳತೆಗೆ ಮಾಡಿದರು. ಎಂಜಿಯೂ ಮಾರಿಸ್ ಅವರ ಬಳಗದ್ದೇ ಆದ್ದರಿಂದ ಆ ಪದ್ಧತಿ ಎಕ್ಸ್‌ಪಿಎಜಿಯವರೆಗೂ ನಡೆದುಬಂದಿತು. ಹೀಗಾಗಿ ನಿಮ್ಮ ಗಾಡಿಯ ಚಾಸಿಯಲ್ಲಿ ಬಿಎಸ್‌ಎಫ್ ಎಂಬ ಬ್ರಿಟಿಷ್ ಇಂಚಿನ ಬೋಲ್ಟುಗಳಿದ್ದರೆ, ಎಂಜಿನ್ನಿನಲ್ಲಿ ಬ್ರಿಟಿಷ್ ತಲೆಯ ಫ್ರೆಂಚ್ ಬೋಲ್ಟುಗಳಿವೆ. ಅವುಗಳಲ್ಲಿ ಹೆಚ್ಚಿನವು 8 ಮಿಲಿಮೀಟರ್ ದಪ್ಪ, 1 ಮಿಲಿಮೀಟರ್ ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ಅಂತರ. ಇಂದಿನ ಅಂಗಡಿಯ ಸಾಮಾನ್ಯ 8 ಮಿಲಿಮೀಟರ್ ಬೋಲ್ಟಿನ ಪಿಚ್ 1.25 ಆಗಿರುವುದರಿಂದ ಅದೂ ನಡೆಯುವುದಿಲ್ಲ.

5/16 ಇಂಚೆಂದರೆ 7.94 ಮಿಲಿಮೀಟರ್. ಯುಎನ್‌ಎಫ್‌ನಲ್ಲಿ ಇಂಚಿಗೆ 24 ಥ್ರೆಡ್, ಅಂದರೆ ಪಿಚ್ 1.058. ಪೂರ್ತಿ ಬೇರೆಯದೇ ಬೋಲ್ಟಾಗಿದ್ದರೆ ಮೊದಲ ಸುತ್ತಿನಲ್ಲಿಯೇ ಹಿಡಿದುಕೊಂಡು ನನ್ನನ್ನು ಉಳಿಸುತ್ತಿತ್ತು. ಇದು ಹಾಗೆ ಮಾಡುವುದಿಲ್ಲ. ನಾಲ್ಕು ಸುತ್ತು ಬೆರಳಿನಲ್ಲಿಯೇ ಒಳಗೆ ಹೋಗುತ್ತದೆ, ಅಷ್ಟರಲ್ಲಿ ವ್ಯತ್ಯಾಸ ಕಾಲು ಮಿಲಿಮೀಟರಿನ ಹತ್ತಿರ ಬಂದಿರುತ್ತದೆ, ಆಗ ಬಿಗಿಯುತ್ತದೆ. ಒಳಗೆ ತುಕ್ಕು ಇರಬೇಕು ಎಂದುಕೊಂಡು ಪಾನಾ ಹಾಕುತ್ತೀರಿ. ಗಟ್ಟಿ ಉಕ್ಕಿನ ಬೋಲ್ಟು ಬ್ಲಾಕಿನ ಬೀಡುಕಬ್ಬಿಣದ ಥ್ರೆಡ್ಡನ್ನು ಅರೆಯುತ್ತ ಒಳಗಿಳಿಯುತ್ತದೆ, ಕೈಗೆ ಮಾತ್ರ ಅದು ಒಳ್ಳೆಯ ಬಿಗಿಯಂತೆಯೇ ತೋರುತ್ತದೆ. ಆ ಬಿಗಿಯೆಲ್ಲ ಥ್ರೆಡ್ಡಿನಲ್ಲಿ ಸಿಕ್ಕಿಕೊಂಡ ಬೆಣೆಯ ಬಿಗಿ. ತಲೆಯಿಂದ ಪಂಪನ್ನು ಬ್ಲಾಕಿಗೆ ಒತ್ತಿ ಹಿಡಿಯುವ ಬಲ ಅದರಲ್ಲಿ ಇಲ್ಲವೇ ಇಲ್ಲ. ಉಳಿದ ಬೋಲ್ಟುಗಳಿಗೆ ಒಂದು ಪಾನಾ, ಇದಕ್ಕೆ ಬೇರೊಂದು ಪಾನಾ ಬೇಕಾಯಿತು ಎಂಬುದನ್ನಾದರೂ ನಾನು ಗಮನಿಸಬೇಕಿತ್ತು. ಗಮನಿಸಿದೆ, ಹೊಸ ಬೋಲ್ಟಲ್ಲವೇ ಎಂದು ಸುಮ್ಮನಾದೆ.

ಆರು ತಿಂಗಳು ಏನೂ ಆಗಲಿಲ್ಲ. 1999ರ ಮೇ ತಿಂಗಳಲ್ಲಿ ಧಾರವಾಡದ ಒಂದು ಮದುವೆಯಿಂದ ರಾತ್ರಿ ಹುಬ್ಬಳ್ಳಿಗೆ ಮರಳುತ್ತಿದ್ದಾಗ, ನವಲೂರು ದಾಟಿದ ಮೇಲೆ, ಡ್ಯಾಶ್‌ಬೋರ್ಡಿನ ಆಯಿಲ್ ಮಾಪಕದ ಸೂಜಿ ಐವತ್ತರಿಂದ ಇಪ್ಪತ್ತಕ್ಕೆ ಬಂದಿತು. ಮಾಪಕವೂ ಹಳೆಯದಲ್ಲವೇ ಎಂದುಕೊಂಡು ಬೆರಳಿನಿಂದ ಗಾಜನ್ನು ತಟ್ಟಿದೆ. ರಾಯಾಪುರ ಬರುವಷ್ಟರಲ್ಲಿ ಸೂಜಿ ಸೊನ್ನೆಯಲ್ಲಿ ಮಲಗಿತ್ತು, ಕೆಳಗಿನಿಂದ ಸುತ್ತಿಗೆಯ ಬಡಿತ ಕೇಳಿಸಿತು, ಮರುಕ್ಷಣ ಕನೆಕ್ಟಿಂಗ್ ರಾಡು ಮುರಿದು ಬ್ಲಾಕಿನ ಮಗ್ಗುಲನ್ನು ಒಡೆದುಕೊಂಡು ಹೊರಗೆ ಬಂದಿತು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ರಸ್ತೆಯ ಮೇಲೆ ನವಲೂರಿನ ಕಡೆಯಿಂದ ನನ್ನ ಗಾಡಿಯವರೆಗೆ ಎಣ್ಣೆಯ ಕಪ್ಪು ಗೆರೆ ನೆಟ್ಟಗೆ ಬಂದಿತ್ತು. ಕೇಳಿದವರೆಲ್ಲರೂ ಸೂಜಿ ಇಳಿದೊಡನೆ ನಿಲ್ಲಿಸಬೇಕಿತ್ತು ಎನ್ನುತ್ತಾರೆ. ಅದು ನಿಜವೇ, ಆದರೆ ನಿಲ್ಲಿಸಿದ್ದರೆ ಆ ರಾತ್ರಿ ಉಳಿಯುತ್ತಿತ್ತು ಅಷ್ಟೇ. ತಪ್ಪು ನಡೆದದ್ದು ದೀಪಾವಳಿಯಲ್ಲಿ.

ಕೇಶ್ವಾಪುರದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು. ನನ್ನ ವಿಟ್ವರ್ತ್ ಪಾನಾಗಳೂ ಅವರೇ ಕೊಟ್ಟವು. ನಾನು ಆ ಬೋಲ್ಟನ್ನು ತೋರಿಸಿದಾಗ ಅವರು ಒಳಗೆ ಹೋಗಿ ಬಾಚಣಿಗೆಯ ಹಲ್ಲುಗಳಂತಹ ಎಲೆಗಳಿದ್ದ ಒಂದು ಥ್ರೆಡ್ ಗೇಜನ್ನು ತಂದರು. ಮೂಲ ಬೋಲ್ಟಿನ ಮೇಲೆ ಇಪ್ಪತ್ನಾಲ್ಕರ ಎಲೆಯನ್ನಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಸಂದಿಯಲ್ಲಿ ಬೆಳಕು ಸಣ್ಣಗೆ ತೂರಿಬಂದಿತು. ಒಂದು ಮಿಲಿಮೀಟರಿನ ಎಲೆಯನ್ನಿಟ್ಟಾಗ ಬೆಳಕು ಸಂಪೂರ್ಣ ಮುಚ್ಚಿಹೋಯಿತು. “ತಮ್ಮಾ, ಅಂಗಡಿಗೆ ಹೋಗೂಕಿಂತ ಮೊದಲ ಇಲ್ಲಿ ಬಂದಿದ್ರ ಆಗ್ತಿತ್ತಲ್ಲ” ಎಂದರು. ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಒಂದು ಕಾಂಪೌಂಡು ಗೋಡೆ.

ಅನಂತರ ನಾನೂ ನಿಮ್ಮ ಮಿಸ್ತ್ರಿ ಹೇಳುತ್ತಿರುವುದನ್ನೇ ಮಾಡಿದೆ. ನಮ್ಮ ಕಾಲದಲ್ಲಿ ಜಿಪ್ಸಿಯ ಬದಲು ಅಂಬಾಸಿಡರ್ ಎಂಜಿನ್ ಹಾಕುತ್ತಿದ್ದರು. ಅದಕ್ಕೆ ಒಂದು ನೆಪವೂ ಇತ್ತು: ಅಂಬಾಸಿಡರಿನ 1489 ಸಿಸಿ ಎಂಜಿನ್ ಬಿ ಸೀರೀಸ್ ಎಂಬ ಬ್ರಿಟಿಷ್ ಎಂಜಿನ್ ವಂಶದ್ದು, 1955ರಲ್ಲಿ ಬಂದ ಎಂಜಿಎ ಕಾರಿನಲ್ಲಿಯೂ ಇದ್ದದ್ದು ಅದೇ ವಂಶದ, ಅದೇ ಅಳತೆಯ ಎಂಜಿನ್. ದಾಯಾದಿಯೇ ತಾನೇ ಎಂದು ನನ್ನನ್ನು ನಾನು ನಂಬಿಸಿದೆ. ಕೂರಿಸುವಾಗ ಚಾಸಿಯ ಮೇಲಿನ ಎಂಜಿನ್ ಮೌಂಟನ್ನು ಗ್ಯಾಸಿನಲ್ಲಿ ಕತ್ತರಿಸಿದರು. ಗಾಡಿ ಓಡಿತು, ಇಪ್ಪತ್ತು ವರ್ಷ ಓಡಿತು, ಆದರೆ ಅದು ಎಂಜಿಯಂತೆ ಓಡಲಿಲ್ಲ. ಒಡೆದ ಬ್ಲಾಕು ಎರಡು ವರ್ಷ ಹಿತ್ತಲಲ್ಲಿ ಮಳೆಗೆ ನೆನೆದು, ಕೊನೆಗೆ ಸಾವಿರದ ನೂರು ರೂಪಾಯಿಗೆ ಗುಜರಿಯವರ ತಕ್ಕಡಿಗೆ ಏರಿತು.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿದ, ವಾಣಿಜ್ಯಕ್ಕೆ ಬಳಸದ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ಸಂಖ್ಯೆ, 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಪ್ರತಿನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ದುರಸ್ತಿಗಳಿಗೆ ಹೊರಗೆ ತರಬಹುದು. ಆದರೆ ವಾಹನ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ನನ್ನದರಲ್ಲಿ ಎಂಜಿನ್ ಅಂಬಾಸಿಡರಿನದು, ಚಾಸಿಯಲ್ಲಿ ಗ್ಯಾಸ್ ಕಟರಿನ ಗುರುತು. ಆಮೇಲೆ ಬ್ರಿಟನ್ನಿನಿಂದ ಒಂದು ಹಳೆಯ ಎಕ್ಸ್‌ಪಿಎಜಿ ಬ್ಲಾಕನ್ನೂ ಕ್ರ್ಯಾಂಕನ್ನೂ ತರಿಸಿದೆ. ಸಾಗಣೆ, ಸುಂಕ ಸೇರಿ ಮೂರೂವರೆ ಲಕ್ಷವಾಯಿತು. ಮೂರು ರೂಪಾಯಿಯ ಬೋಲ್ಟಿನ ಲೆಕ್ಕ ಇಷ್ಟು.

ಈಗ ನಿಮ್ಮ ಪ್ರಶ್ನೆ. ಮೂಲವೋ ಮಾರ್ಪಾಡೋ ಎಂದು ಕೇಳುವ ಹಂತಕ್ಕೆ ನೀವು ಇನ್ನೂ ಬಂದಿಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಜಾಮ್ ಆದ ಎಂಜಿನ್ ಸತ್ತ ಎಂಜಿನ್ ಅಲ್ಲ. ಬಹುಪಾಲು ಸಂದರ್ಭಗಳಲ್ಲಿ ಪಿಸ್ಟನ್ ರಿಂಗುಗಳು ತುಕ್ಕಿನಿಂದ ಸಿಲಿಂಡರಿಗೆ ಅಂಟಿಕೊಂಡಿರುತ್ತವೆ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಆಟೋಮ್ಯಾಟಿಕ್ ಗೇರಿನ ಎಣ್ಣೆ ಮತ್ತು ಅಸಿಟೋನನ್ನು ಸಮಪಾಲಾಗಿ ಬೆರೆಸಿ ನಾಲ್ಕೂ ಸಿಲಿಂಡರುಗಳಿಗೆ ಸುರಿಯಿರಿ, ಹತ್ತಿರದಲ್ಲಿ ಬೆಂಕಿ ಇರದಂತೆ ನೋಡಿಕೊಳ್ಳಿ, ಎರಡು ಮೂರು ವಾರ ಆಗಾಗ ತುಂಬಿಸುತ್ತಿರಿ. ವಾಲ್ವುಗಳ ಮೇಲಿನ ರಾಕರ್ ಶಾಫ್ಟನ್ನು ಮೊದಲೇ ಬಿಚ್ಚಿಡಿ, ಇಲ್ಲದಿದ್ದರೆ ಅಂಟಿಕೊಂಡ ವಾಲ್ವು ಪುಶ್‌ರಾಡನ್ನು ಬಾಗಿಸುತ್ತದೆ. ಬಳಿಕ ಮುಂದಿನ ಹ್ಯಾಂಡಲ್ಲಿನಿಂದ ಹಿಂದೆ ಮುಂದೆ ಮೆಲ್ಲಗೆ ಅಲುಗಿಸಿ. ಗೇರಿನಲ್ಲಿಟ್ಟು ಟ್ರ್ಯಾಕ್ಟರಿನಿಂದ ಎಳೆಯೋಣ ಎಂದು ಯಾರಾದರೂ ಹೇಳಿದರೆ ಅವರಿಗೆ ಚಹಾ ಕುಡಿಸಿ ಕಳುಹಿಸಿಬಿಡಿ.

ಐದು ಗೇರಿನ ಆಸೆ ನನಗೆ ಅರ್ಥವಾಗುತ್ತದೆ. 80 ಕಿಲೋಮೀಟರ್ ವೇಗದಲ್ಲಿ ಟಿಡಿಯ ಎಂಜಿನ್ ನಿಮಿಷಕ್ಕೆ ಸುಮಾರು 3,500 ಸುತ್ತು ತಿರುಗುತ್ತಿರುತ್ತದೆ, ಕಿವಿಗೆ ಅದು ಕಷ್ಟವೇ. ಗದಗಿನಿಂದ ಹುಬ್ಬಳ್ಳಿಗೆ ಅರವತ್ತರಲ್ಲಿ ಬನ್ನಿ. ಡಿಸ್ಕ್ ಬ್ರೇಕ್ ಬೇಡ. ಮುಂದಿನ ಡ್ರಮ್ಮಿನಲ್ಲಿ ಎರಡು ಲೀಡಿಂಗ್ ಶೂಗಳಿವೆ, ಅಂದರೆ ಚಕ್ರ ತಿರುಗಿದಂತೆ ತಾವಾಗಿಯೇ ಬಿಗಿಯುವಂಥವು, ಸಿಲಿಂಡರು ಮತ್ತು ಹೋಸುಗಳನ್ನು ಹೊಸದಾಗಿ ಹಾಕಿಸಿದರೆ ಆ ಗಾಡಿಯ ತೂಕಕ್ಕೆ ಸಾಕು. ಕಾರ್ಬುರೇಟರಿನ ಜೆಟ್ಟಿನಲ್ಲಿರುವ ಬೆಂಡಿನ ಸೀಲುಗಳನ್ನೂ ರಬ್ಬರ್ ಪೈಪುಗಳನ್ನೂ ಇಂದಿನ ಎಥನಾಲ್ ಬೆರೆತ ಪೆಟ್ರೋಲಿಗೆ ತಾಳುವಂಥವುಗಳಿಗೆ ಬದಲಾಯಿಸಿ. ಬ್ಯಾಟರಿ ಜೋಡಿಸುವಾಗ ಈ ಗಾಡಿಯಲ್ಲಿ ಚಾಸಿಗೆ ಹೋಗುವುದು ಪಾಸಿಟಿವ್ ತಂತಿ ಎಂಬುದನ್ನು ಮಿಸ್ತ್ರಿಯವರಿಗೆ ಬರೆದೇ ಕೊಡಿ. ಬಾಡಿಯ ಒಳಗಿನ ಮರದ ಚೌಕಟ್ಟಿಗೆ ಗೆದ್ದಲು ಹಿಡಿದಿದ್ದರೆ ಸಾಗುವಾನಿ ಹಾಕಿಸಬಹುದು, ನಾನೂ ಹಾಕಿಸಿದೆ. ಅದರ ಎಣ್ಣೆಯಂಶದಿಂದ ಅಂಟು ಹಿಡಿಯದಾದ್ದರಿಂದ ಅಂಟಿಸುವ ಮುನ್ನ ಅಸಿಟೋನಿನಿಂದ ಒರೆಸಬೇಕು. ಬೋಲ್ಟು ಕಳೆದರೆ ಅಂಗಡಿಗೆ ಹೋಗಬೇಡಿ, ಗೋಕುಲ ರಸ್ತೆಯ ಲೇತ್ ಅಂಗಡಿಗಳಲ್ಲಿ ಒಂದು ಮಿಲಿಮೀಟರ್ ಪಿಚ್ಚಿಗೆ ತಿರುವಿಸಿಕೊಡುತ್ತಾರೆ.

ಇದೆಲ್ಲಕ್ಕೂ ಮೊದಲು ಒಂದು ಟಾರ್ಚ್ ಹಿಡಿದು ಎಂಜಿನ್ನಿಗೆ ಹೊಡೆದಿರುವ ಎಂಟು ಮೂಲೆಯ ಸಣ್ಣ ತಗಡನ್ನು ಹುಡುಕಿರಿ. ಎಕ್ಸ್‌ಪಿಎಜಿ, ಓರೆಗೆರೆ, ಟಿಡಿ ಎಂದಿದ್ದರೆ ಕ್ಲಚ್ಚು ಏಳೂಕಾಲು ಇಂಚಿನದು, ಟಿಡಿ2 ಎಂದಿದ್ದರೆ ಎಂಟು ಇಂಚಿನದು. ಬಿಡಿಭಾಗ ತರಿಸುವಾಗ ಇದು ಬೇಕಾಗುತ್ತದೆ. ನನ್ನ ಆ ತಗಡು ಬ್ಲಾಕಿನ ಜೊತೆಯಲ್ಲಿಯೇ ಗುಜರಿಗೆ ಹೋಯಿತು. ನಿಮ್ಮದು ಇನ್ನೂ ಅಲ್ಲಿಯೇ ಇದೆಯೇ, ಅದರ ಮೇಲೆ ಏನಿದೆ ಎಂಬುದನ್ನು ತಿಳಿಸಿದರೆ ಮುಂದಿನದನ್ನು ಬರೆಯುತ್ತೇನೆ.