ಜಾಹೀರಾತಿನ ತಂತ್ರಗಳೆಲ್ಲ ಬಾಯಿಪಾಠ, ಆದರೂ ಮಕ್ಕಳು ಮರುಳಾಗುತ್ತಾರೆ. ಹೇಗೆ ಕಲಿಸಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಹದಿಮೂರು, ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಜಾಹೀರಾತಿನ ತಂತ್ರಗಳನ್ನು ಹೇಳಿಕೊಟ್ಟಿದ್ದೀರಿ. ಪರೀಕ್ಷೆಯಲ್ಲಿ ಎಲ್ಲರೂ ಚೆನ್ನಾಗಿ ಬರೆದರು. ಮರುದಿನವೇ ಮೊಬೈಲಿನಲ್ಲಿ ಬಂದ ಆಫರ್ ಹಿಡಿದುಕೊಂಡು ‘ಇದು ಮಾತ್ರ ನಿಜ’ ಅಂತ ವಾದಕ್ಕೆ ನಿಂತರು. ಪಾಠದಲ್ಲಿ ಏನು ಬದಲಾಯಿಸಬೇಕು ಅಂತ ಕೇಳಿದ್ದೀರಿ.

ನಾನೂ ಇದೇ ವಯಸ್ಸಿನವರಿಗೆ ಭಾಷೆ ಕಲಿಸುವವನು. ನೇರವಾಗಿ ಹೇಳಿಬಿಡುತ್ತೇನೆ: ಪಟ್ಟಿ ಆಮೇಲೆ ಕೊಡಿ. ‘ನಾನೂ ಮರುಳಾಗುತ್ತೇನೆ’ ಅನ್ನುವುದು ಮೊದಲು ಮಕ್ಕಳಿಗೆ ಸ್ವಂತ ಅನುಭವದಿಂದ ಗೊತ್ತಾಗಲಿ.

ಯಾವ ತರಗತಿಯಲ್ಲಾದರೂ ಕೇಳಿ ನೋಡಿ. ‘ಜಾಹೀರಾತು ನೋಡಿ ಜನ ಮರುಳಾಗುತ್ತಾರಾ?’ ಅಂದರೆ ಎಲ್ಲರ ಕೈ ಮೇಲೆ. ‘ನೀವು?’ ಅಂದರೆ ಕೈಗಳೆಲ್ಲ ಕೆಳಗೆ. ದೊಡ್ಡವರೂ ಇದಕ್ಕೆ ಹೊರತಲ್ಲ, ನಾವು ಮೇಷ್ಟ್ರುಗಳಂತೂ ಅಲ್ಲವೇ ಅಲ್ಲ. ಮಾಧ್ಯಮದ ಪ್ರಭಾವ ನಮಗಿಂತ ಬೇರೆಯವರ ಮೇಲೇ ಜಾಸ್ತಿ ಅಂದುಕೊಳ್ಳುವ ಈ ಗುಣವನ್ನು ಫಿಲಿಪ್ಸ್ ಡೇವಿಸನ್ ಎಂಬ ಸಮಾಜಶಾಸ್ತ್ರಜ್ಞ 1983ರಲ್ಲೇ ವಿವರಿಸಿದ್ದಾರೆ. ಈ ನಂಬಿಕೆ ಇರುವ ತನಕ ನೀವು ಕಲಿಸಿದ್ದನ್ನೆಲ್ಲ ಮಕ್ಕಳು ‘ಬೇರೆಯವರಿಗೆ ಬೇಕಾದ ಪಾಠ’ ಅಂತಲೇ ಕಲಿಯುತ್ತಾರೆ. ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ, ಮೊಬೈಲ್ ಮುಂದೆ ಮರುಳೂ ಆಗುತ್ತಾರೆ.

ಇದು ಬರೀ ನನ್ನ ಅನಿಸಿಕೆ ಅಲ್ಲ. ಮನಶ್ಶಾಸ್ತ್ರಜ್ಞರಾದ ಬ್ರಾಡ್ ಸಗಾರಿನ್, ರಾಬರ್ಟ್ ಸಿಯಾಲ್ಡಿನಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗಗಳಿವೆ. ಪರಿಣತನಲ್ಲದವನಿಗೆ ಪರಿಣತನ ವೇಷ ಹಾಕಿಸಿದ ಜಾಹೀರಾತುಗಳನ್ನು ಗುರುತಿಸಲು ಅವರು ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟರು. ಸುಮ್ನೆ ವಿವರಿಸಿದಾಗ ಆದದ್ದಕ್ಕಿಂತ, ‘ನೋಡಿ, ಈಗ ತಾನೇ ನೀವೇ ಇದನ್ನು ನಂಬಿದಿರಿ’ ಅಂತ ತೋರಿಸಿಕೊಟ್ಟಾಗ ವಿದ್ಯಾರ್ಥಿಗಳು ಹೆಚ್ಚು ಗಟ್ಟಿಯಾದರು.

ಹಾಗಾದರೆ ಇದನ್ನು ತರಗತಿಯಲ್ಲಿ ಮಾಡುವುದು ಹೇಗೆ? ನಾನು ಬಳಸುವುದು ಆಮೋಸ್ ಟ್ವರ್ಸ್ಕಿ, ಡೇನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು 1981ರಲ್ಲಿ ಪ್ರಕಟಿಸಿದ ಒಂದು ಪ್ರಶ್ನೆ. ತರಗತಿಯ ಅರ್ಧ ಮಕ್ಕಳಿಗೆ ಒಂದು ಚೀಟಿ, ಉಳಿದರ್ಧಕ್ಕೆ ಇನ್ನೊಂದು. ಒಂದು ರೋಗದಿಂದ 600 ಜನ ಸಾಯುವ ಭಯ ಇದೆ, ಎರಡು ಯೋಜನೆಗಳಿವೆ, ಒಂದನ್ನು ಆರಿಸಿ. ಮೊದಲ ಚೀಟಿಯಲ್ಲಿ: ‘ಮೊದಲ ಯೋಜನೆಯಲ್ಲಿ 200 ಜನ ಉಳಿಯುತ್ತಾರೆ. ಎರಡನೆಯದರಲ್ಲಿ 600 ಜನರೂ ಉಳಿಯುವ ಸಾಧ್ಯತೆ ಮೂರರಲ್ಲಿ ಒಂದು, ಒಬ್ಬರೂ ಉಳಿಯದಿರುವ ಸಾಧ್ಯತೆ ಮೂರರಲ್ಲಿ ಎರಡು.’ ಇನ್ನೊಂದು ಚೀಟಿಯಲ್ಲಿ: ‘ಮೊದಲ ಯೋಜನೆಯಲ್ಲಿ 400 ಜನ ಸಾಯುತ್ತಾರೆ. ಎರಡನೆಯದರಲ್ಲಿ ಯಾರೂ ಸಾಯದಿರುವ ಸಾಧ್ಯತೆ ಮೂರರಲ್ಲಿ ಒಂದು, 600 ಜನರೂ ಸಾಯುವ ಸಾಧ್ಯತೆ ಮೂರರಲ್ಲಿ ಎರಡು.’ ಲೆಕ್ಕ ಎರಡರಲ್ಲೂ ಒಂದೇ, ಅಲ್ವಾ? ಆದರೆ ಮೂಲ ಪ್ರಯೋಗದಲ್ಲಿ ‘ಉಳಿಯುತ್ತಾರೆ’ ಚೀಟಿ ಓದಿದವರಲ್ಲಿ 72% ಜನ ಮೊದಲ ಯೋಜನೆ ಆರಿಸಿದರು. ‘ಸಾಯುತ್ತಾರೆ’ ಚೀಟಿ ಓದಿದವರಲ್ಲಿ 78% ಜನ ಎರಡನೆಯದನ್ನು ಆರಿಸಿದರು. ನಿಮ್ಮ ತರಗತಿಯಲ್ಲಿ ಅಂಕಿ ಇಷ್ಟು ಅಚ್ಚುಕಟ್ಟಾಗಿ ಬರಬೇಕಿಲ್ಲ. ಕೈ ಎಣಿಸಿ ಬೋರ್ಡ್ ಮೇಲೆ ಬರೆಯಿರಿ, ಆಮೇಲೆ ಚೀಟಿ ಅದಲುಬದಲು ಮಾಡಿಸಿ. ‘ಎರಡೂ ಒಂದೇ!’ ಅಂತ ಯಾರಾದರೂ ಕೂಗಿದಾಗಲೇ ಪಾಠ ಶುರು ಮಾಡಿ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ ಅನ್ನುವುದನ್ನು ಒತ್ತಿ ಹೇಳಿ. ಅತ್ತ ಇತ್ತ ವಾಲಿಸಿದ್ದು ಹೇಳಿದ ರೀತಿ ಅಷ್ಟೇ.

ಇಷ್ಟಾದ ಮೇಲೆ ಪಟ್ಟಿ ಕೊಡಿ. ಹೊಸದಾಗಿ ಮಾಡಬೇಕಿಲ್ಲ. ಅಮೆರಿಕದಲ್ಲಿ 1937ರಲ್ಲಿ ಶುರುವಾದ ಪ್ರಚಾರ ವಿಶ್ಲೇಷಣಾ ಸಂಸ್ಥೆ ಏಳು ತಂತ್ರಗಳನ್ನು ಗುರುತಿಸಿತ್ತು: ಎದುರಾಳಿಗೆ ಕೆಟ್ಟ ಹೆಸರು ಅಂಟಿಸುವುದು, ಹೊಳೆಯುವ ಮಾತು, ಗೌರವದ ವಸ್ತುವಿನ ಪಕ್ಕ ತನ್ನದನ್ನೂ ಇಡುವುದು, ಹೆಸರುವಾಸಿಯವರ ಶಿಫಾರಸು, ‘ನಾನೂ ನಿಮ್ಮಂತೆ ಸಾಮಾನ್ಯ’ ಅನ್ನುವುದು, ಬೇಕಾದ್ದನ್ನಷ್ಟೇ ತೋರಿಸುವುದು, ‘ಎಲ್ಲರೂ ಕೊಂಡಿದ್ದಾರೆ’ ಅನ್ನುವುದು. ಇವತ್ತಿನ ರೀಲ್ಸ್‌ಗೂ ಇವು ಸರಿಯಾಗಿ ಹೊಂದುತ್ತವೆ.

ಆದರೆ ಏಳಕ್ಕೂ ಒಂದೇ ಸಮಯ ಕೊಡಬೇಡಿ. ಸಿನಿಮಾ ನಟ, ಕ್ರಿಕೆಟಿಗ ಕಂಡ ತಕ್ಷಣ ‘ಶಿಫಾರಸು’ ಅಂತ ಮಕ್ಕಳು ತಾವೇ ಹೇಳುತ್ತಾರೆ. ‘ಎಲ್ಲರೂ’ ಅನ್ನುವುದೂ ಸುಲಭ. ಕಷ್ಟ ಇರುವುದು ಆರನೆಯದರಲ್ಲಿ, ಅಂದರೆ ಬೇಕಾದ್ದನ್ನಷ್ಟೇ ತೋರಿಸುವುದರಲ್ಲಿ, ಯಾಕಂದರೆ ಅಲ್ಲಿ ಹುಡುಕಬೇಕಾದದ್ದು ಜಾಹೀರಾತಿನಲ್ಲಿ ಇಲ್ಲವೇ ಇಲ್ಲ! ಅದಕ್ಕೆ ನಾನು ಹಳೆಯ ಉದಾಹರಣೆ ತೆಗೆದುಕೊಳ್ಳುತ್ತೇನೆ. ವೈದ್ಯರು ಬೇರೆಲ್ಲ ಸಿಗರೇಟಿಗಿಂತ ಕ್ಯಾಮೆಲ್ ಅನ್ನೇ ಹೆಚ್ಚು ಸೇದುತ್ತಾರೆ ಅಂತ 1946ರಲ್ಲಿ ಅಮೆರಿಕದಲ್ಲಿ ದೊಡ್ಡ ಪ್ರಚಾರ ಶುರುವಾಯಿತು. ಬಿಳಿ ಕೋಟು, ಸಮೀಕ್ಷೆ, ಎಲ್ಲ ಇತ್ತು. ‘ಇದನ್ನು ನಂಬುವ ಮುಂಚೆ ಏನು ಕೇಳುತ್ತೀರಿ?’ ಅಂತ ಮಕ್ಕಳಿಗೆ ಬಿಡಿ. ಎಷ್ಟು ವೈದ್ಯರನ್ನು ಕೇಳಿದರು? ಕೇಳಿದವರು ಯಾರು? ವೈದ್ಯ ಸೇದಿದರೆ ಆರೋಗ್ಯಕ್ಕೆ ಒಳ್ಳೆಯದು ಅಂತ ಹೇಗಾಗುತ್ತದೆ? ಇಷ್ಟು ಬಂದ ಮೇಲೆ ನೀವು ಉತ್ತರ ಹೇಳಿ: ಕೇಳಿದ್ದು ಕಂಪನಿಯ ಜಾಹೀರಾತು ಏಜೆನ್ಸಿಯವರೇ. ಎಷ್ಟೋ ವೈದ್ಯರಿಗೆ ಮೊದಲು ಬಿಟ್ಟಿ ಸಿಗರೇಟು ಕೊಟ್ಟು, ಆಮೇಲೆ ‘ನಿಮ್ಮದು ಯಾವ ಬ್ರ್ಯಾಂಡ್?’ ಅಂತ ಕೇಳಿದ್ದರು. ಈ ಒಂದು ಉದಾಹರಣೆಗೆ ಇಡೀ ಪೀರಿಯಡ್ ಹೋದರೂ ನಷ್ಟವಿಲ್ಲ. ಹಳೆಯ ಜಾಹೀರಾತಿನ ಮೇಲೆ ಮಕ್ಕಳಿಗೆ ಅಭಿಮಾನ ಇರುವುದಿಲ್ಲ, ಹಾಗಾಗಿ ಜಗಳವೂ ಇರುವುದಿಲ್ಲ. ಅಲ್ಲಿ ಕಲಿತದ್ದನ್ನು ಅವರ ಮೆಚ್ಚಿನ ಬ್ರ್ಯಾಂಡಿನ ಮೇಲೆ ಪ್ರಯೋಗಿಸುವುದು ಮುಂದಿನ ಹಂತ.

ಮಾತಿನ ಜಾಣತನಕ್ಕೆ ಒಂದು ಸಣ್ಣ ಅಭ್ಯಾಸ. ‘70% ವರೆಗೆ ರಿಯಾಯಿತಿ’ಯಲ್ಲಿ ‘ವರೆಗೆ’ ಕೆಳಗೆ ಗೆರೆ ಎಳೆಯಿಸಿ. ‘ಕೂದಲು ಉದುರುವುದನ್ನು ತಡೆಯಲು ಸಹಾಯ ಮಾಡುತ್ತದೆ’ಯಲ್ಲಿ ‘ಸಹಾಯ’ದ ಕೆಳಗೆ. ‘ಎರಡು ಪಟ್ಟು ಬಿಳುಪು’ ಅಂದರೆ ಯಾವುದಕ್ಕಿಂತ ಅಂತ ಕೇಳಿ. ನಕ್ಷತ್ರದ ಗುರುತು ಕಂಡರೆ ಮೂಲೆಯ ಇರುವೆ ಅಕ್ಷರ ಓದಿಸಿ. ವಿಡಿಯೋ ಆದರೆ ಒಮ್ಮೆ ಸದ್ದು ತೆಗೆದು ತೋರಿಸಿ, ಇನ್ನೊಮ್ಮೆ ಚಿತ್ರವಿಲ್ಲದೆ ಕೇಳಿಸಿ. ಕಣ್ಣೀರು ತರಿಸಿದ್ದು ಕಥೆಯಲ್ಲ, ಹಿನ್ನೆಲೆ ಸಂಗೀತ ಅಂತ ತಾವೇ ಕಂಡುಕೊಳ್ಳುತ್ತಾರೆ.

ಪಕ್ಕದ ಮಾತು ಒಂದು. ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ: ‘ಸಿನಿಮಾ ಮಧ್ಯೆ ಕಣ್ಣಿಗೆ ಕಾಣದ ಹಾಗೆ ಗುಟ್ಟಿನ ಸಂದೇಶ ಹಾಕುತ್ತಾರಂತೆ, ಹೌದಾ?’ ಆ ಕಥೆ ಹಬ್ಬಿಸಿದ್ದು 1957ರಲ್ಲಿ ಜೇಮ್ಸ್ ವಿಕರಿ ಎಂಬ ಮಾರುಕಟ್ಟೆ ಸಂಶೋಧಕ. ಹಾಗೆ ಮಾಡಿ ಪಾಪ್‌ಕಾರ್ನ್ ಮಾರಾಟ ಹೆಚ್ಚಿಸಿದೆ ಅಂದಿದ್ದ. ತನ್ನ ಹತ್ತಿರ ಇದ್ದ ಮಾಹಿತಿ ಏನೇನೂ ಸಾಲದು ಅಂತ 1962ರಲ್ಲಿ ತಾನೇ ಒಪ್ಪಿಕೊಂಡ. ಅಂದರೆ ಆ ಕಥೆ ಅವನ ಸ್ವಂತ ವ್ಯಾಪಾರದ ಜಾಹೀರಾತು.

ನನ್ನ ಲೆಕ್ಕದಲ್ಲಿ ಈಗ ಜಾಸ್ತಿ ಗಮನ ಬೇಕಿರುವುದು ಜಾಹೀರಾತಿನಂತೆ ಕಾಣದ ಜಾಹೀರಾತಿಗೆ. ಇದೂ ಹಳೆಯ ಆಟವೇ. 1929ರಲ್ಲಿ ಸಿಗರೇಟು ಕಂಪನಿಯ ಪರವಾಗಿ ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರ ತಜ್ಞ ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಯುವತಿಯರು ಸಿಗರೇಟು ಹಚ್ಚುವ ಏರ್ಪಾಟು ಮಾಡಿದ. ಪತ್ರಿಕೆಗಳು ಅದನ್ನು ಸ್ತ್ರೀ ಸ್ವಾತಂತ್ರ್ಯದ ಸುದ್ದಿಯಾಗಿ ಛಾಪಿಸಿದವು. ಇವತ್ತು ಅದೇ ಕೆಲಸ ಇನ್‌ಫ್ಲುಯೆನ್ಸರ್ ಮಾಡುತ್ತಾರೆ, ವೆಬ್‌ಸೈಟಿನ ‘ಪ್ರಾಯೋಜಿತ’, ಅಂದರೆ ದುಡ್ಡು ಪಡೆದು ಹಾಕಿದ, ಲೇಖನ ಮಾಡುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ನಿಮ್ಮ ಮಕ್ಕಳ ವಯಸ್ಸಿನವರಲ್ಲಿ 80%ಕ್ಕೂ ಹೆಚ್ಚು ಮಂದಿ ‘ಪ್ರಾಯೋಜಿತ’ ಅಂತ ಬರೆದಿದ್ದರೂ ಜಾಹೀರಾತನ್ನು ಸುದ್ದಿ ಅಂದುಕೊಂಡಿದ್ದರು. ಅದೇ ತಂಡ ಆಮೇಲೆ ವೃತ್ತಿಪರ ಸತ್ಯಶೋಧಕರು (ಸುದ್ದಿ ನಿಜವೋ ಸುಳ್ಳೋ ಅಂತ ಪರಿಶೀಲಿಸುವವರು) ವೆಬ್‌ಸೈಟ್ ಹೇಗೆ ಓದುತ್ತಾರೆ ಅಂತ ನೋಡಿತು. ಅವರು ಪುಟವನ್ನು ಪೂರ್ತಿ ಓದುತ್ತಾ ಕೂರಲಿಲ್ಲ. ಬೇಗನೆ ಹೊರಬಂದು, ಹೊಸ ಟ್ಯಾಬ್ ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದರು. ನಾವು ‘ಗಮನವಿಟ್ಟು ಪೂರ್ತಿ ಓದಿ’ ಅಂತ ಕಲಿಸುತ್ತೇವಲ್ಲ, ಇಲ್ಲಿ ಅದು ತಿರುಗುಬಾಣ. ಮೋಸದ ಪುಟವನ್ನು ಎಷ್ಟು ಹೊತ್ತು ಓದಿದರೂ ಅದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವುದಿಲ್ಲ.

ಆಫರ್ ಕಥೆಗೆ ಬಂದರೆ, ‘ಇನ್ನು ಹತ್ತೇ ನಿಮಿಷ’ ಅಂತ ಓಡುವ ಗಡಿಯಾರ ಕಂಡಾಗ ಪುಟವನ್ನು ಮುಚ್ಚಿ ಮತ್ತೆ ತೆರೆಯಲು ಹೇಳಿ. ಎಷ್ಟೋ ಸಲ ಗಡಿಯಾರ ಮತ್ತೆ ಹತ್ತರಿಂದ ಶುರುವಾಗುತ್ತದೆ. ಇದಕ್ಕಿಂತ ಒಳ್ಳೆಯ ಭಾಷಣ ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು.

ಕೊನೆಗೆ ಅವರಿಂದಲೇ ಜಾಹೀರಾತು ಮಾಡಿಸಿ. ಸಾಮಾನ್ಯ ಪೆನ್ಸಿಲ್ ಕೊಡಿ. ಒಂದು ಗುಂಪು ಅದನ್ನು ಅಜ್ಜ ಅಜ್ಜಿಯರಿಗೆ ಮಾರಲಿ, ಇನ್ನೊಂದು ಗುಂಪು ಕಾಲೇಜು ಹುಡುಗರಿಗೆ. ಷರತ್ತು ಒಂದೇ, ಒಂದೂ ಸುಳ್ಳು ಹೇಳುವಂತಿಲ್ಲ. ಯಾವ ಭಾವನೆಗೆ ಕೈ ಹಾಕಿದರು, ಏನು ಮುಚ್ಚಿಟ್ಟರು ಅಂತ ಉಳಿದವರು ಪತ್ತೆ ಹಚ್ಚಲಿ. ತಾವೇ ಬಲೆ ಹೆಣೆದ ಮಕ್ಕಳಿಗೆ ಬೇರೆಯವರ ಬಲೆಯ ಗಂಟು ಬೇಗ ಕಾಣುತ್ತದೆ.

ಒಂದು ಅಪಾಯವಿದೆ. ಈ ಪಾಠ ಜಾಸ್ತಿಯಾದರೆ ‘ಎಲ್ಲ ಸುಳ್ಳು, ಎಲ್ಲರೂ ಕಳ್ಳರು’ ಅನ್ನುವ ಮಕ್ಕಳು ತಯಾರಾಗುತ್ತಾರೆ. ಅದು ಮರುಳಾಗುವುದಕ್ಕಿಂತ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ, ಯಾಕಂದರೆ ಹಾಗಂದುಬಿಟ್ಟರೆ ಯೋಚಿಸುವ ಕೆಲಸವೇ ಮುಗಿಯಿತು. ಹಾಗಾಗಿ ಜಾಹೀರಾತಿನ ಜೊತೆ ಲಸಿಕೆಯ ಪ್ರಕಟಣೆ, ಹೆಲ್ಮೆಟ್ ಧರಿಸಿ ಅನ್ನುವ ಪೋಸ್ಟರ್ ಕೂಡ ಇಡಿ. ಅವೂ ಭಯ ಹುಟ್ಟಿಸುತ್ತವೆ, ಅವೂ ಭಾವನೆ ಮುಟ್ಟುತ್ತವೆ. ತಂತ್ರ ಬಳಸಿದ ಮಾತ್ರಕ್ಕೆ ಮಾತು ಸುಳ್ಳಾಗುವುದಿಲ್ಲ.

ಪರೀಕ್ಷೆಯನ್ನೂ ಬದಲಾಯಿಸಿ. ‘ಏಳು ತಂತ್ರಗಳನ್ನು ಹೆಸರಿಸಿ’ ಬೇಡ. ಮಕ್ಕಳು ಹಿಂದೆ ನೋಡಿರದ ಒಂದು ಜಾಹೀರಾತು, ಒಂದು ಸಾರ್ವಜನಿಕ ಪ್ರಕಟಣೆ ಕೊಡಿ. ದುಡ್ಡು ಕೊಟ್ಟವರು ಯಾರು, ಯಾರನ್ನು ಉದ್ದೇಶಿಸಿದ್ದು, ಏನು ಹೇಳದೆ ಬಿಟ್ಟಿದ್ದಾರೆ, ಇದರಲ್ಲಿ ನಿನ್ನನ್ನು ಸೆಳೆದದ್ದು ಯಾವುದು, ನಂಬುವ ಮುಂಚೆ ಎಲ್ಲಿ ಹುಡುಕುತ್ತೀಯ ಅಂತ ಕೇಳಿ. ತಂತ್ರದ ಹೆಸರು ಮರೆತರೆ ನಾನು ಅಂಕ ಕಳೆಯುವುದಿಲ್ಲ. ‘ನನ್ನನ್ನು ಏನೂ ಸೆಳೆಯಲಿಲ್ಲ’ ಅಂತ ಬರೆದರೆ ಮಾತ್ರ ಉತ್ತರ ಪತ್ರಿಕೆ ವಾಪಸ್ ಕೊಟ್ಟು, ಇನ್ನೊಮ್ಮೆ ನೋಡು ಅನ್ನುತ್ತೇನೆ.